ಎಡಗಡೆಯ ಪೇಟಿ

ಇಬ್ರಾಹಿಂಪುರ, ವಿಜಯಪುರ
೯ ನವೆಂಬರ್ ೨೦೨೪

ಹೆಡ್‌ಫೋನ್ ಕೆಟ್ಟಿಲ್ಲ ಕಾಕಾ. ಕೆಟ್ಟಿದೆ ಎಂದು ನೀವು ಎಷ್ಟು ಸಲ ಬರೆದರೂ ಅದು ಕೆಟ್ಟಿಲ್ಲ. ನಜಮಾ ಟೀಚರ್ ವಾಪಸು ತಂದುಕೊಟ್ಟ ಡಬ್ಬಿಯನ್ನು ಅಂಗಡಿಯಲ್ಲೇ ಬಿಚ್ಚಿ, ನಾನೇ ಹಾಕಿಕೊಂಡು, ನಮ್ಮ ಭಜನಾ ಮೇಳದ ಪದವನ್ನು ಮೊದಲಿನಿಂದ ಕೊನೆಯವರೆಗೆ ಕೇಳಿದೆ. ನಿಮ್ಮ ದನಿ ಇದೆ. ನನ್ನ ತಾಳ ಇದೆ. ರಾಜಾರಾಮ ಮಾಮಾನ ಹಾರ್ಮೋನಿಯಂ ಪೇಟಿಯೂ ಇದೆ. "ತಾಳ ಕೇಳತದ, ಪೇಟಿ ಕೇಳವಲ್ದು, ಎಂಥಾ ಡಬ್ಬಾ ಮಾಲ ಕಳಿಸಿಯೋ" ಎಂದು ಚೀಟಿ ಬರೆದಿದ್ದೀರಿ. ಅದನ್ನು ನಮ್ಮ ಮಾಲೀಕರಾದ ಬಾಬುಸಾಬರಿಗೆ ಓದಿ ಹೇಳಿದೆ.

"ಲೇ ಸಿದ್ದ್ಯಾ, ಪೇಟಿ ಕೇಳಸಲಿಲ್ಲಂದ್ರ ಪೇಟಿ ಬಾರಸಾಂವಗ ಬೈಯಾಕ ಹೇಳು. ನಮ್ಮ ಅಂಗಡಿಗ್ಯಾಕ ಬೈತಾರ?" ಎಂದರು.

ಗಣಪತಿ ಹಬ್ಬಕ್ಕೆ ಇದೇ ಹೆಡ್‌ಫೋನ್ ಕಳಿಸಿದಾಗ "ಭಾಳ ಚೊಲೊ ಅದ" ಎಂದು ಟೀಚರ್ ಮುಂದೆ ಹೇಳಿದ್ದಿರಂತೆ. ದೀಪಾವಳಿ ಮುಗಿಯುವಷ್ಟರಲ್ಲಿ ಪೇಟಿ ಎಲ್ಲಿಗೆ ಹೋಯಿತು? ನನಗೆ ತಿಳಿಯುವುದು ಇಷ್ಟು. ನಿಮ್ಮ ಸಿಟ್ಟು ಇನ್ನೂ ಇಳಿದಿಲ್ಲ. ಹಬ್ಬದ ಮರುದಿನ ನಾನಾಗಿಯೇ ಫೋನ್ ಹಚ್ಚಿದೆ. "ಹಲೋ, ಹಲೋ, ಯಾರದು" ಎಂದು ಎರಡು ಸಲ ಒದರಿ ಕಟ್ ಮಾಡಿದಿರಿ. ನನ್ನ ನಂಬರ್ ನಿಮ್ಮ ಫೋನಿನಲ್ಲಿ ಇಲ್ಲವೇ? ಮಾತಾಡಲು ಮನಸ್ಸಿಲ್ಲದಿದ್ದರೆ ಬೇಡ. ಕಾಗದವೇ ಆಗಲಿ. ಟೀಚರ್ ದಿನಾ ಇಲ್ಲಿಂದ ಹೊನವಾಡದ ಸಾಲಿಗೆ ಹೋಗಿ ಬರುತ್ತಾರೆ, ಅವರಿಗೂ ಭಾರವಿಲ್ಲ.

ಅಪ್ಪ ಹೋದ ಮೇಲೆ ನನ್ನನ್ನು ಸಾಕಿದವರು ನೀವು. ಕೈಗೆ ತಾಳ ಕೊಟ್ಟವರೂ ನೀವು. ಅದನ್ನು ನಾನು ಮರೆತಿಲ್ಲ. ಆದರೆ ಎರಡು ವರ್ಷದ ಹಿಂದೆ, ತಾಳದ ಜೊತೆಗೆ ಒಂದು ರಿದಮ್ ಪ್ಯಾಡ್ ತರೋಣ, ಹುಡುಗರು ಕೂತು ಕೇಳುತ್ತಾರೆ ಎಂದು ನಾನು ಹೇಳಿದ್ದಕ್ಕೆ ಇಡೀ ಮೇಳದ ಎದುರು ನೀವು ಅಂದ ಮಾತನ್ನೂ ಮರೆತಿಲ್ಲ. "ಹೋಗಾಂವ ಹೋಗಲಿ. ತಾಳ ಹಾಕಾಕ ಯಾರರೆ ಸಿಗತಾರ." ಅದಕ್ಕೇ ನಾನು ಹೋದೆ. ಈಗಲೂ ಕರೆಯದೆ ಬರುವವನಲ್ಲ.

ಅಂಗಡಿಯವನಾಗಿ ಒಂದು ತಪ್ಪನ್ನು ಮಾತ್ರ ಒಪ್ಪುತ್ತೇನೆ. ಮೊದಲು ಕಳಿಸಿದ್ದು ಡಿಜೆ ಹುಡುಗರು ಒಯ್ಯುವಂಥದ್ದು. ಅದರಲ್ಲಿ ಬೇಸ್ ಮುಂದೆ ಬರುತ್ತದೆ, ಪೇಟಿಯಂಥ ದನಿ ಹಿಂದೆ ಸರಿಯುತ್ತದೆ. ಆದ್ದರಿಂದ ಇದರೊಂದಿಗೆ ಬೇರೆಯದನ್ನು ಇಟ್ಟಿದ್ದೇನೆ. ಹಗುರಾಗಿದೆ, ನಿಮ್ಮ ಕೀಪ್ಯಾಡ್ ಫೋನಿಗೆ ಸರಿಯಾಗಿ ಕೂರುತ್ತದೆ. ಪದಗಳು ನಿಮ್ಮ ಫೋನಿನ ಅದೇ ಮೆಮೊರಿ ಕಾರ್ಡಿನಲ್ಲಿ ಇವೆ. ಕೇಳಿ ತಿಳಿಸಿ.

ಕಾಕಿಗೆ ನಮಸ್ಕಾರ.

ನಿಮ್ಮ ಅಣ್ಣನ ಮಗ
ಸಿದ್ದರಾಮ


ಹೊನವಾಡ
೧೪ ನವೆಂಬರ್ ೨೦೨೪

ಸಿದ್ದ್ಯಾ,

ಕಾಗದ ಸಾಲಿ ಪುಸ್ತಕದಂಗ ಬರೀತಿ. ಹತ್ತನೇತ್ತೆ ಓದಿದ್ದು ಎಲ್ಲೂ ಹೋಗಿಲ್ಲ ಬಿಡು ಅಂತ ನಿಮ್ಮ ಕಾಕಿ ನಕ್ಳು. ನಾ ಏಳನೇತ್ತೆ. ಮಾತಾಡಿದಂಗ ಬರೀತೇನಿ, ತಿಳಕೊ.

ಎರಡನೇದ್ದು ಬಂತು. ಹಗರ ಅದ, ಕಿವಿ ಬೆವರೂದಿಲ್ಲ. ಆದ್ರ ಪೇಟಿ ಇದರಾಗೂ ಆಚಿ ಓಣ್ಯಾಗ ಯಾರೋ ಬಾರಿಸಿದಂಗ ಆಗತದ. ಸಿಟ್ಟಿಲೆ ಬರೀತೇನಿ ಅನಬ್ಯಾಡ. ಸಿಟ್ಟಿದ್ರ ನೇರ ಬೈತಿದ್ದೆ, ನಿನಗೇನ ಗೊತ್ತಿಲ್ಲೇನು? ಅವತ್ತ ಫೋನಿನಾಗ ಆ ಕಡೆಯಿಂದ ಯಾರೂ ಮಾತಾಡಲಿಲ್ಲ. ರಾಂಗ್ ನಂಬರ್ ಇರಬೇಕಂತ ಇಟ್ಟೆ. ನೀ ಅಂತ ಈಗ ಗೊತ್ತಾತು.

ಹಬ್ಬದ ಮರುದಿನ ಮುಂಜಾನೆ ಎದ್ದಾಗಿಂದ ತಲ್ಯಾಗ ಗುಂಯ್ ಅಂತದ. ಲಗೂ ಎದ್ದು ನಿಂತ್ರ ಜೋಲಿ ಹೊಡೀತದ. ಪಟಾಕಿ ಸಪ್ಪಳಕ್ಕ ಹಂಗ ಆಗಿರಬೇಕಂತಾರ ಮಂದಿ. ನಿಮ್ಮ ಕಾಕಿ ಬಳ್ಳೊಳ್ಳಿ ಎಣ್ಣಿ ಕಾಸಿ ಬಿಟ್ಟಾಳ. ಹೋಗತದ ಅದು.

ಪೇಟಿ ಪೇಟಿ ಅಂತ ಯಾಕ ಬಡಕೋತಾನ ಅನಬ್ಯಾಡ. ಶಿವರಾತ್ರಿಗೆ ಬಬಲೇಶ್ವರದಾಗ ಭಜನಾ ಸ್ಪರ್ಧಾ ಅದ. ಮುಂದಾಳಾಗಿ ನಾನ ಕೂಡಬೇಕು. ಪೇಟಿ ಎಲ್ಲಿ ನಿಂತದ ಅಂತ ಕೇಳಿ ಅಲ್ಲಿಂದ ದನಿ ಎತ್ತಬೇಕು, ನಿನಗ ಗೊತ್ತದ. ಈಗೀಗ ತಪ್ಪಾಕತ್ತದ. ಅದಕ್ಕ ತ್ವಾಟದಾಗ ಕೆಲಸ ಮಾಡಕೋತ ದಿನಾ ಕೇಳಿ ಗಟ್ಟಿ ಮಾಡಕೊಳ್ಳೂನು ಅಂದೆ. ಇಲ್ಲಾಂದ್ರ ನಿನಗ್ಯಾಕ ತ್ರಾಸ ಕೊಡತಿದ್ದೆ.

ಕಾಕಿ ಶೇಂಗಾ ಹೋಳಿಗಿ ಮಾಡ್ಯಾಳ. ಟೀಚರ್ ಕೈಲೆ ಕಳಸೂನು ಅಂದ್ಲು. ಬಸ್ಸಿನ ಗದ್ದಲದಾಗ ಮುರೀತಾವ, ಬ್ಯಾಡ ಅಂದೆ. ಡಬ್ಬ್ಯಾಗ ಅದಾವ.

ಶಿವಯೋಗೆಪ್ಪ


ಇಬ್ರಾಹಿಂಪುರ
೧೮ ನವೆಂಬರ್ ೨೦೨೪

ಕಾಕಾ,

ಈ ಕಾಗದವನ್ನು ಸಮಾಧಾನದಿಂದ ಓದಿ. ಇದು ನನ್ನ ಕಸಬು. ದ್ರಾಕ್ಷಿ ತೋಟದಲ್ಲಿ ನಿಮ್ಮ ಮಾತು ನಾನು ಕೇಳುತ್ತಿದ್ದೆ, ಇದರಲ್ಲಿ ನನ್ನ ಮಾತು ನೀವು ಕೇಳಬೇಕು.

ಅಂಗಡಿಗೆ ಬಂದವರನ್ನು ನಾನು ಮೊದಲು ಕೇಳುವುದು "ಎಂಥಾ ಹಾಡು ಕೇಳತೀರಿ?" ಎಂದು. ಅದನ್ನು ಕೇಳದೆ ಹೆಡ್‌ಫೋನ್ ಕೊಟ್ಟರೆ ಎಂಟು ದಿನಕ್ಕೆ ವಾಪಸು ಬರುತ್ತದೆ. ಮೊನ್ನೆ ತಿಕೋಟಾದಿಂದ ಒಬ್ಬ ಡಿಜೆ ಹುಡುಗ ಬಂದಿದ್ದ. "ಅಣ್ಣಾ, ಎದಿ ನಡಗಬೇಕು, ಅಂಥಾದ್ದು ಕೊಡು" ಎಂದ. ಅವನಿಗೆ ಕಿವಿಯೊಳಗೆ ಬಿರಡೆಯ ಹಾಗೆ ಕೂರುವ, ಬೇಸ್ ಹೆಚ್ಚಿರುವ ಸಣ್ಣದು ಸಾಕು. ಯಾಕೂಬ ಚಾಚಾ ಕವ್ವಾಲಿ ಕೇಳುವವರು. ಅವರಿಗೆ ಚಪ್ಪಾಳೆ ಬೇರೆ, ಡೋಲಕ್ ಬೇರೆ, ಹಿಂದೆ ಕೂತವರ ದನಿ ಬೇರೆಯಾಗಿ ಕೇಳಬೇಕು, ಎಲ್ಲ ಕಲಸಿ ಒಂದೇ ಹಿಟ್ಟಾಗಬಾರದು. ಅವರಿಗೆ ಕಿವಿಯನ್ನು ಪೂರ್ತಿ ಮುಚ್ಚುವ, ಒಳಗೆ ಸ್ವಲ್ಪ ಜಾಗವಿರುವ ದೊಡ್ಡದು ಕೊಟ್ಟೆ. ನಿಖತ ಅಂತ ಡಿಗ್ರಿ ಓದುವ ಹುಡುಗಿ ಒಬ್ಬಳು, ಅವಳದ್ದು ನಿಧಾನದ ಸಿನಿಮಾ ಹಾಡು. "ಭಯ್ಯಾ, ಹಾಡೂ ಕೇಳಬೇಕು, ಅಮ್ಮಿ ಕರದದ್ದೂ ಕೇಳಬೇಕು. ಇಲ್ಲಾಂದ್ರ ಹೆಡ್‌ಫೋನ್ ಒಲಿಗೆ ಹೋಗತದ" ಎಂದಳು. ಅವಳಿಗೆ ಕಿವಿಯ ಮೇಲೆ ಸುಮ್ಮನೆ ಒರಗಿಕೊಳ್ಳುವುದನ್ನು ಕೊಟ್ಟೆ. ಹಾಡುವವರ ದನಿ ಅದರಲ್ಲಿ ಮುಂದೆ ಬರುತ್ತದೆ, ಹೊರಗಿನದೂ ಕೇಳುತ್ತದೆ.

ಭಜನೆಯ ಲೆಕ್ಕ ಬೇರೆ. ಪೇಟಿ, ಮನುಷ್ಯನ ಗಂಟಲು ಎರಡೂ ನಡುವಿನ ದನಿಗಳು. ಬೇಸ್ ಹೆಚ್ಚಾದರೆ ತಬಲಾದ ಡಗ್ಗಾ ಎದ್ದು ಪೇಟಿಯ ಮೇಲೆ ಕೂತುಬಿಡುತ್ತದೆ. ಮೇಲಿನ ದನಿ ಹೆಚ್ಚಾದರೆ ತಾಳ ಕಿವಿ ಕೊರೆಯುತ್ತದೆ. ನಡುವಿನದ್ದನ್ನು ಕೂಡಿಸದೆ ಕಳೆಯದೆ ಇದ್ದಂತೆ ಕೊಡುವ ಹೆಡ್‌ಫೋನ್ ಬೇಕು. ಮತ್ತೊಂದು ಮಾತು. ಹೆಡ್‌ಫೋನ್ ನೋಡುವಾಗ ಯಾವ ಯಾವುದೋ ಹಾಡು ಹಾಕಬಾರದು, ಬಾಯಿಪಾಠ ಬರುವ ಹಾಡನ್ನೇ ಹಾಕಬೇಕು. ನಾನು ಅಂಗಡಿಯ ಪ್ರತಿ ಮಾಲನ್ನೂ ಯಾವುದರಿಂದ ನೋಡುತ್ತೇನೆ, ಗೊತ್ತೇ? ನಾನು ಮೇಳದಲ್ಲಿದ್ದಾಗ ಬಬಲೇಶ್ವರದ ಸ್ಪರ್ಧೆಯಲ್ಲಿ ಸೌಂಡ್ ಸಿಸ್ಟಂನವರು ಎರಡು ಮೈಕ್ ಇಟ್ಟು ರೆಕಾರ್ಡ್ ಮಾಡಿದರಲ್ಲ, ಆ ನಮ್ಮ ಪದದಿಂದ. ಪೇಟಿ ಎಡಗಿವಿಗೆ, ನನ್ನ ತಾಳ ಬಲಗಿವಿಗೆ, ನಡುವೆ ನೀವು. ಮೂರನೆಯ ನುಡಿ ಎತ್ತುವ ಮುಂಚೆ ನೀವು ಒಮ್ಮೆ ಉಸಿರು ಎಳೆದುಕೊಳ್ಳುತ್ತೀರಿ. ಆ ಉಸಿರು ಕೇಳಿದರೆ ಮಾಲು ಚೊಲೊ, ಕೇಳದಿದ್ದರೆ ಕಪಾಟಿನ ಹಿಂದಿನ ಸಾಲಿಗೆ. ದಿನಾ ಕೇಳುತ್ತೇನೆ. ಬಾಬುಸಾಬರಿಗೂ ಈಗ ಆ ಪದ ಬಾಯಿಗೆ ಬಂದಿದೆ, ಗಿರಾಕಿ ಇಲ್ಲದಾಗ ಗುನುಗುತ್ತಾರೆ.

ಮೂರನೆಯದು ಕಳಿಸಿದ್ದೇನೆ. ಹಾಡು ರೆಕಾರ್ಡ್ ಮಾಡುವವರು ಹಾಕಿಕೊಳ್ಳುವ ನಮೂನೆ. ದೊಡ್ಡದಿದೆ, ತೋಟದಲ್ಲಿ ಮಂದಿ ನಗಬಹುದು. ನಗಲಿ. ಇದರಲ್ಲಿ ಪೇಟಿ ಕೇಳದೆ ಇರುವುದು ಸಾಧ್ಯವೇ ಇಲ್ಲ. ಕೇಳದಿದ್ದರೆ ದನಿ ಸ್ವಲ್ಪ ಏರಿಸಿ.

ಬಾಬುಸಾಬರು ಇದನ್ನು ಕಟ್ಟುವಾಗ ಹೇಳಿದರು. "ಅಲ್ಲೋ, ಚಪ್ಪಲಿ ಯಾರರೆ ಕಾಗದದಾಗ ಅಳತಿ ತಗೊಂಡು ಮಾರತಾರೇನು? ಅವರನ್ನ ಇಲ್ಲಿ ಕರಸು, ಇಲ್ಲಾ ನೀನ ಹೋಗು. ಕಿವಿಗೆ ಹಾಕಿ ನೋಡಿ ತಗೊಳ್ಳಲಿ." ಅವರಿಗೇನು ಗೊತ್ತು ನಮ್ಮದು.

ತಲೆಯಲ್ಲಿ ಗುಂಯ್ ಅನ್ನುವುದಕ್ಕೆ ಪಟಾಕಿಯೇ ಕಾರಣ. ಡಿಜೆ ಹುಡುಗರಿಗೂ ಮೆರವಣಿಗೆಯ ಮರುದಿನ ಹಾಗೇ ಆಗುತ್ತದೆ, ತಾನಾಗಿಯೇ ಇಳಿಯುತ್ತದೆ. ಕಾಕಿಯ ಎಣ್ಣೆ ಸಾಕು.

ಸಿದ್ದರಾಮ


ಹೊನವಾಡ
೧೧ ಡಿಸೆಂಬರ್ ೨೦೨೪

ಸಿದ್ದ್ಯಾ,

ದೊಡ್ಡದು ಚೊಲೊ ಅದ. ಪೇಟಿ ಕೇಳತದ. ಇನ್ನ ಕಳಸಬ್ಯಾಡ.

ಅದನ್ನ ಹಾಕ್ಕೊಂಡು ತ್ವಾಟದಾಗ ನಿಂತ್ರ ಹೆಲಿಕಾಪ್ಟರ್ ಹೊಡ್ಯಾಂವ ಬಂದ ಅಂತಾರ ಹುಡುಗ್ರು. ಅನ್ನಲಿ. ನಮ್ಮ ಸಿದ್ದ್ಯಾ ಕಳಸ್ಯಾನ ಅಂತ ಹೇಳತೇನಿ.

ಈ ವರ್ಷ ಕಾಯಿ ಚೊಲೊ ಹಿಡದಾವ. ಥಂಡಿ ಭಾಳ ಅದ. ನಿಂದು ಹಾಸಗಿ ಅಟ್ಟದ ಮ್ಯಾಲಿಂದ ಇಳಿಸಿ ಬಿಸಲಿಗೆ ಹಾಕ್ಯಾಳ ನಿಮ್ಮ ಕಾಕಿ. ಯಾಕ ಅಂತ ನಾ ಕೇಳಲಿಲ್ಲ.

ಶಿವಯೋಗೆಪ್ಪ


ಇಬ್ರಾಹಿಂಪುರ
೨ ಜನವರಿ ೨೦೨೫

ಕಾಕಾ,

ನಾನು ಹೇಳಲಿಲ್ಲವೇ? ನಡುವಿನ ದನಿ. ನಿಮ್ಮ ಕಾಗದವನ್ನು ಬಾಬುಸಾಬರ ಮುಂದೆ ಎರಡು ಸಲ ಓದಿದೆ. "ಆತಪ್ಪಾ, ನೀ ದೊಡ್ಡ ಡಾಕ್ಟರ್" ಎಂದರು. ಈಗ ಭಜನೆ, ತತ್ವಪದ ಕೇಳುವವರು ಯಾರೇ ಬಂದರೂ ಆ ದೊಡ್ಡ ನಮೂನೆಯನ್ನೇ ತೋರಿಸುತ್ತೇನೆ. "ನಮ್ಮ ಕಾಕಾ ಮೇಳದ ಮುಂದಾಳು, ಅವರೇ ಪಾಸ್ ಮಾಡಿದ್ದು" ಎನ್ನುತ್ತೇನೆ. ಎರಡು ಹೋದವು.

ಹೊಸ ವರ್ಷದ ದಿನ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಆದರೂ ನನಗೆ ಇಲ್ಲಿ ಮನಸ್ಸು ನಿಲ್ಲುತ್ತಿಲ್ಲ ಕಾಕಾ. ಮೊದಲು ಒಣದ್ರಾಕ್ಷಿ ಶೆಡ್ಡು, ಆಮೇಲೆ ಟಂಟಂ ರಿಕ್ಷಾ, ಈಗ ಇದು. ಸೊಲ್ಲಾಪುರಕ್ಕೆ ಹೋಗಲೋ, ಪುಣೆಗೆ ಹೋಗಲೋ ಎಂದು ಯೋಚನೆ ಬರುತ್ತದೆ. ರೂಮಿನ ಹಿಂದೆ ರೈಲು ಹೋದಾಗಲೆಲ್ಲ ಎದ್ದು ಕಿಟಕಿಯಲ್ಲಿ ನಿಲ್ಲುತ್ತೇನೆ. ಎಲ್ಲಿಗೆ ಹೋಗುವ ರೈಲು ಎಂದು ಕೂಡ ಗೊತ್ತಿರುವುದಿಲ್ಲ.

ಶಿವರಾತ್ರಿಗೆ ಮೇಳ ತಯಾರಾಯಿತೇ? ತಾಳ ಹಾಕಲು ಯಾರಾದರೂ ಸಿಕ್ಕರೇ? ಸಿಕ್ಕೇ ಇರುತ್ತಾರೆ. ನೀವೇ ಹೇಳಿದ್ದಿರಲ್ಲ.

ಕಾಕಿಗೆ ಹೇಳಿ, ಇಲ್ಲಿ ಹಾಸಿಗೆ ಇದೆ, ಥಂಡಿಗೆ ತೊಂದರೆ ಇಲ್ಲ ಎಂದು.

ಸಿದ್ದರಾಮ


ಇಬ್ರಾಹಿಂಪುರ
೨೯ ಜನವರಿ ೨೦೨೫

ಕಾಕಾ,

ಇಂದು ಸಂಜೆ ನಜಮಾ ಟೀಚರ್ ಬಸ್ಸಿನಿಂದ ಇಳಿದು ನೇರವಾಗಿ ಅಂಗಡಿಗೆ ಬಂದರು. ನಿಮ್ಮ ಕಾಗದ ತಂದಿದ್ದಾರೆ ಎಂದುಕೊಂಡು ಕೈ ಚಾಚಿದೆ. ಅವರು ಬ್ಯಾಗಿನಿಂದ ಹೆಡ್‌ಫೋನ್ ತೆಗೆದು ಗಾಜಿನ ಮೇಲೆ ಇಟ್ಟರು. ಮೂರನೆಯದು, ದೊಡ್ಡದು.

"ಯಾಕ್ರಿ ಟೀಚರ್, ಇದೂ ಬಂದ್ ಆತೇನು?"

"ಇದು ಬಂದ್ ಆಗಿಲ್ಲೋ ಸಿದ್ದರಾಮ. ನಿಮ್ಮ ಕಾಕಿ ಕೊಟ್ಟಾಳ. ಅಂವಗ ವಾಪಸ್ ಮಾಡ್ರಿ ಅಂದ್ಲು. ನಿಮ್ಮ ಕಾಕಾಗ ಇದು ಗೊತ್ತಿಲ್ಲ."

ಆಮೇಲೆ ಎಲ್ಲ ಹೇಳಿದರು. ಸೋಮವಾರ ನಿಮ್ಮ ಮೇಳ ಸಾಲಿಯ ಪಕ್ಕದ ಕಟ್ಟೆಯ ಮೇಲೆ ಪದ ಹಾಡಿ ನೋಡಿತಂತೆ. ನೀವು ದನಿ ಎತ್ತಿದಿರಂತೆ. ಪೇಟಿ ಒಂದು ಕಡೆ, ನೀವು ಒಂದು ಕಡೆ. ರಾಜಾರಾಮ ಮಾಮಾ ಮೊದಲು ನಿಮ್ಮ ದನಿಗೆ ಪೇಟಿ ಹೊಂದಿಸಲು ನೋಡಿದನಂತೆ, ನೀವು ಅಲ್ಲಿಂದಲೂ ಸರಿದಿರಂತೆ. ಕೊನೆಗೆ ಅವನು ಕೈ ತೆಗೆದುಬಿಟ್ಟ. ಪೇಟಿ ನಿಂತದ್ದು ನಿಮಗೆ ಗೊತ್ತಾಗಲಿಲ್ಲ. ಹಿಂದೆ ಕೂತ ಹುಡುಗರು ನಗುವವರೆಗೂ ನೀವು ಹಾಡುತ್ತಲೇ ಇದ್ದಿರಿ. ಆಮೇಲೆ ಎದ್ದು ಟವೆಲ್ ಕೊಡವಿ ಮನೆಗೆ ಹೋದಿರಂತೆ.

"ಇವತ್ತ ಮುಂಜಾನಿ ನಿಮ್ಮ ಕಾಕಾ ತಿಕೋಟಾದಾಗ ಬಸ್ ಹತ್ತಿದ್ರು" ಎಂದರು ಟೀಚರ್. "ನನ್ನ ಬಾಜೂ ಕೂತ್ರು, ಬಲಕ್ಕ. ನಾ ಎಡಕ್ಕ. ಎರಡ ಸಲ ಮಾತಾಡ್ಸಿದೆ, ಹೊರಳಿ ನೋಡಲಿಲ್ಲ. ಕೈ ಮುಟ್ಟಿದ ಮ್ಯಾಲೆ ಹೊರಳಿದ್ರು. ಎಡಗಿವಿಗೆ ಏನೂ ಕೇಳಸವಲ್ದೋ ಅವರಿಗೆ. ಏನೇನೂ."

ಬಾಬುಸಾಬರು ಹೆಡ್‌ಫೋನನ್ನು ಎತ್ತಿ ನನ್ನ ಕೈಗೆ ಕೊಟ್ಟರು. ಹಾಕಿಕೊಂಡೆ, ನಮ್ಮ ಪದ ಹಚ್ಚಿದೆ. ಎಡಗಡೆಯ ಬಟ್ಟಲನ್ನು ಕಿವಿಯಿಂದ ಸರಿಸಿ ಹಿಡಿದೆ. ತಾಳ ಕೇಳಿತು. ನೀವು ಕೇಳಿದಿರಿ. ಪೇಟಿ ಆಚೆ ಓಣಿಯಲ್ಲಿ ಯಾರೋ ಬಾರಿಸಿದ ಹಾಗೆ ಇತ್ತು. ನೀವು ಬರೆದಿದ್ದಿರಿ, ಅದೇ ಮಾತು.

ಪೇಟಿ ಎಡಗಡೆ ಇದೆ ಎಂದು ನಿಮಗೆ ಕಾಗದದಲ್ಲಿ ಕಲಿಸಿದವನು ನಾನು. ನೀವು ಯಾವಾಗಲೂ ಎಡಗಿವಿಗೇ ಹಿಡಿಯುವ ಫೋನಿನಲ್ಲಿ "ಯಾರದು" ಎಂದು ಒದರಿದ್ದನ್ನು ಸಿಟ್ಟು ಎಂದುಕೊಂಡವನೂ ನಾನು. ಗುಂಯ್ ಅಂತದ, ಜೋಲಿ ಹೊಡೀತದ ಎಂದು ನೀವು ಬರೆದಾಗ ನಾನು ನಿಮಗೆ ಬೇಸ್ ಎಂದರೇನು ಎಂದು ಬರೆದೆ.

ಕೇಳತದ ಎಂದು ಸುಳ್ಳು ಯಾಕೆ ಬರೆದಿರಿ ಕಾಕಾ? ಟೀಚರನ್ನು ಕೇಳಿದೆ. "ಮೂರ ಸಲ ಕಳಸ್ಯಾನ, ಹುಡುಗನ ಮನಸ್ಸು ಮುರೀಬಾರದು ಅಂದಿದ್ರಂತ, ನಿಮ್ಮ ಕಾಕಿ ಹೇಳಿದ್ಲು" ಎಂದರು.

ಇಲ್ಲಿ ಕಿವಿಯ ಡಾಕ್ಟರ್ ಒಬ್ಬರಿದ್ದಾರೆ. ಹೆಸರು ಹಚ್ಚಿ ಬಂದಿದ್ದೇನೆ. ಶನಿವಾರ ಬೆಳಗಿನ ಬಸ್ಸಿಗೆ ಕಾಕಿಯನ್ನು ಕರೆದುಕೊಂಡು ಬನ್ನಿ. ನಿಲ್ದಾಣದಲ್ಲಿ ನಾನು ನಿಂತಿರುತ್ತೇನೆ. ದಯಮಾಡಿ ಬನ್ನಿ.

ಸಿದ್ದರಾಮ


ಹೊನವಾಡ
೧೪ ಫೆಬ್ರುವರಿ ೨೦೨೫

ಸಿದ್ದ್ಯಾ,

ಗುಳಿಗಿ ಎಲ್ಲಾ ಮುಗದಾವ. ಗುಂಯ್ ಅನ್ನೂದು ಕಡಿಮಿ ಆಗ್ಯದ, ಜೋಲಿ ನಿಂತದ. ಕೇಳೂದು ಮಾತ್ರ ಹಂಗ ಅದ.

ಎರಡು ಸಲ ದವಾಖಾನಿಗೆ ಬಂದೆ. ಎರಡೂ ಸಲ ನೀ ನನ್ನ ಮಾರಿ ನೋಡಲಿಲ್ಲ. ಚಹಾ ಕುಡಿಸಿದಿ, ಬಾಳಿಹಣ್ಣು ಕೊಡಿಸಿದಿ, ಕಾಕಿ ಚೀಲ ಹೊತ್ತಿ. ಮಾತಾಡಲಿಲ್ಲ. ನಾ ಕಿವುಡ ಅಂತ ಮಾತಾಡಲಿಲ್ಲೋ, ಮತ್ತೇನರೆ ಅದನೋ? ಬಲಗಿವಿ ಚೊಲೊ ಅದ ನಂದು. ಈ ಕಡೆ ಬಂದು ಮಾತಾಡಿದ್ರ ಕೇಳತಿತ್ತು.

ಎರಡನೇ ತಪಾಸಣಿ ಕಾಗದ ಸಂಜಿಗೆ ಕೊಡತಾರ ಅಂತ ನಮ್ಮನ್ನ ಬಸ್ ಹತ್ತಿಸಿದಿ. ಕಾಗದ ಬಂದಿರಬೇಕಲ್ಲ? ಡಾಕ್ಟರ್ ಏನಂದ್ರು, ಖರೇ ಇದ್ದದ್ದು ಬರದು ತಿಳಸು. ಮುಚ್ಚಬ್ಯಾಡ.

ಯಾಕಂದ್ರ ಶಿವರಾತ್ರಿ ಬಂತು. ಕಿವಿ ಬರೂದಿದ್ರ ನಾ ಮುಂದಾಳ ಜಾಗಾ ಬಿಡೂದಿಲ್ಲ. ಬರೂದಿಲ್ಲಂದ್ರ ರಾಜಾರಾಮಗ ಈಗ ಹೇಳಬೇಕು. ಅವರು ಬ್ಯಾರೆದವರನ್ನ ಕೂಡಿಸಿ ಕಲಿಸ್ಕೊಳ್ಳಲಿ. ಕಟ್ಟಿ ಮ್ಯಾಲೆ ಹುಡುಗ್ರು ನಕ್ಕಿದ್ದು ನನಗ ಕೇಳಿಲ್ಲ ಅನಕೊಂಡಾರ. ಆ ನಗಿ ಬಲಕ್ಕಿತ್ತು. ಬಬಲೇಶ್ವರದಾಗ ಹಂಗಾದ್ರ ನಾ ಮತ್ತ ಬಾಯಿ ತಗ್ಯಾಂವಲ್ಲ.

ಮೂವತ್ತ ವರ್ಷ ಆ ಜಾಗಾದಾಗ ಕೂತೇನಿ. ಬಿಡೂದಾದ್ರ ನನ್ನ ಬಾಯಿಲೆ ನಾನ ಬಿಡಬೇಕು, ಮಂದಿ ಎಬ್ಬಸಬಾರದು. ಅದಕ್ಕ ಕೇಳಾಕತ್ತೇನಿ.

ಕಾಕಿ ಅಂತಾಳ, ಅಂವಗ ಬರದು ಕೇಳಬ್ಯಾಡ್ರಿ, ಬಾ ಅಂತ ಬರೀರಿ ಅಂತ. ಬರ್ಯಾಕ ಕೂತ್ರ ನನಗ ಆ ಮಾತು ಬರೂದಿಲ್ಲ. ನಿನಗೂ ಬರೂದಿಲ್ಲ, ನಮ್ಮ ಮನಿತನಾನ ಹಂಗ.

ಶಿವಯೋಗೆಪ್ಪ


ಇಬ್ರಾಹಿಂಪುರ
೧೭ ಫೆಬ್ರುವರಿ ೨೦೨೫, ಸೋಮವಾರ

ಕಾಕಾ,

ನಿಮ್ಮ ಕಾಗದ ಶುಕ್ರವಾರವೇ ಬಂತು. ಮೂರು ಸಲ ಉತ್ತರ ಬರೆದು ಹರಿದೆ. ಇದು ನಾಲ್ಕನೆಯದು.

ಆ ದಿನ ನಿಮ್ಮನ್ನು ಬಸ್ ಹತ್ತಿಸಿ ಸಂಜೆ ದವಾಖಾನೆಗೆ ಹೋದೆ. ಡಾಕ್ಟರ್ ಕಾಗದವನ್ನು ಮುಂದಿಟ್ಟರು. ಎರಡು ಗೆರೆ ಇದ್ದವು, ಒಂದು ಮೇಲೆ, ಒಂದು ಬಹಳ ಕೆಳಗೆ. ಕೆಳಗಿನದು ನಿಮ್ಮ ಎಡಗಿವಿ. "ಕಿವ್ಯಾಗಿನ ನರಾನ ಕೆಲಸಾ ಬಿಟ್ಟದ" ಎಂದರು. ನಾನು ಹೆಡ್‌ಫೋನ್ ವಿಷಯ ಕೇಳಿದೆ, ದನಿ ಏರಿಸಿ ಕೇಳಿದ್ದರಿಂದ ಹೀಗಾಯಿತೇ ಎಂದು. ಅಲ್ಲವಂತೆ. ಒಮ್ಮೊಮ್ಮೆ ಒಂದು ಕಿವಿ ಹೀಗೇ ಇದ್ದಕ್ಕಿದ್ದಂತೆ ಹೋಗುತ್ತದಂತೆ, ಯಾಕೆಂದು ಅವರಿಗೂ ಖಾತ್ರಿಯಾಗಿ ಗೊತ್ತಾಗುವುದಿಲ್ಲವಂತೆ. ನನಗೆ ಒಂದು ಗಳಿಗೆ ಹಗುರಾಯಿತು. ಆಮೇಲೆ ಅವರು ಕೇಳಿದರು.

"ಯಾವಾಗ ಸುರು ಆಗಿದ್ದು ಇದು?"

"ದೀಪಾವಳಿ ಮರುದಿನ್ರಿ."

"ಮೊದಲನೇ ಎರಡ ವಾರದಾಗ ಬರಬೇಕಿತ್ತು. ಆವಾಗ ಔಷಧಕ್ಕ ಕಿವಿ ತಿರಗಿ ಬರತಿತ್ತೇನೊ. ಎಲ್ಲಾರಿಗೂ ತಿರಗತದ ಅಂತ ಹೇಳಾಕ ಬರೂದಿಲ್ಲ, ಆದ್ರ ಒಂದು ದಾರಿ ಇತ್ತು. ಅಷ್ಟ ದಿವಸ ಏನ್ ಮಾಡಿದ್ರಿ?"

ಹೆಡ್‌ಫೋನ್ ಬದಲು ಮಾಡಿದೆವು ಎಂದೆ. ಡಾಕ್ಟರ್ ನಗಲಿಲ್ಲ. ಪೆನ್ನಿನ ಮುಚ್ಚಳ ಹಾಕಿ ಮುಂದಿನವರನ್ನು ಕರೆದರು.

ನಾನು ನಿಮಗೆ ಬರೆದ ಕಾಗದಗಳ ತಾರೀಖು ನನಗೆ ನೆನಪಿದೆ. ಎರಡನೆಯ ಹೆಡ್‌ಫೋನ್ ಕಳಿಸಿದಾಗ ದಾರಿ ಇತ್ತು. ನೀವು ಗುಂಯ್ ಅಂತದ ಎಂದು ಬರೆದಾಗ ಇತ್ತು. ಮೂರನೆಯದು ಕಳಿಸುವಾಗ, ನಡುವಿನ ದನಿ, ಮೇಲಿನ ದನಿ ಎಂದು ನಾನು ಎರಡು ಪುಟ ಬರೆಯುತ್ತಾ ಕೂತಾಗ, ಅದು ಮುಚ್ಚಿಕೊಳ್ಳುತ್ತಿತ್ತು. ಬಾಬುಸಾಬರು ಆವಾಗಲೇ ಹೇಳಿದ್ದರು, ನೀನು ಹೋಗು ಎಂದು. ಬಂದಿದ್ದರೆ ಏನು ಬೇಕಿತ್ತು? ನಿಮ್ಮ ಎಡಕ್ಕೆ ಕೂತು ಒಂದು ಸಲ ಕಾಕಾ ಎಂದಿದ್ದರೆ ಸಾಕಿತ್ತು. ನೀವು ಹೊರಳದೆ ಇದ್ದದ್ದನ್ನು ನೋಡಿದ್ದರೆ, ಸಿಟ್ಟೋ ಕಿವಿಯೋ ಎಂದು ಆ ಗಳಿಗೆಯಲ್ಲೇ ಗೊತ್ತಾಗುತ್ತಿತ್ತು. ಕರೆಯಲಿ ಎಂದು ಕಾದೆ. ಹೋಳಿಗೆ ಡಬ್ಬಿಯಲ್ಲಿದೆ ಎಂದು ಬರೆದಿರಿ, ಕಾಕಿ ನನ್ನ ಹಾಸಿಗೆ ಬಿಸಿಲಿಗೆ ಹಾಕಿದ್ದಾಳೆ ಎಂದು ಬರೆದಿರಿ. ನಾನು ಇಲ್ಲಿ ಹಾಸಿಗೆ ಇದೆ ಎಂದು ಉತ್ತರ ಕೊಟ್ಟೆ.

ಇಂದು ಬೆಳಿಗ್ಗೆ ಅಂಗಡಿಗೆ ಹೋದವನು ಷಟರ್ ಎತ್ತದೆ ಮೆಟ್ಟಿಲ ಮೇಲೆ ಕೂತಿದ್ದೆ. ಬಾಬುಸಾಬರು ಬಂದರು.

"ಬರದೀ?"

"ಇಲ್ರಿ."

"ಎಷ್ಟ ದೂರ ಅದನೋ ನಿಮ್ಮ ಹೊನವಾಡ?"

"ಒಂದ ತಾಸಿನ ದಾರಿ ನೋಡ್ರಿ."

"ಒಂದ ತಾಸಿನ ದಾರಿಗೆ ಎಷ್ಟ ಕಾಗದಾ ಬರೀತಿಯೋ ಮಾರಾಯಾ" ಎಂದರು. ಆಮೇಲೆ ಕೈ ಚಾಚಿ ಅಂಗಡಿಯ ಕೀಲಿಕೈ ಇಸಿದುಕೊಂಡರು. "ನಡಿ. ವಾರದ ಮ್ಯಾಲಾದ್ರೂ ನಾ ಕೇಳೂದಿಲ್ಲ."

ರೂಮಿಗೆ ಬಂದು ಇದನ್ನು ಬರೆಯುತ್ತಿದ್ದೇನೆ. ನೀವು ಕೇಳಿದ್ದಕ್ಕೆ ಉತ್ತರ: ಎಡಗಿವಿ ಬರುವುದಿಲ್ಲ ಕಾಕಾ. ಶಿವರಾತ್ರಿಗೂ ಇಲ್ಲ, ಆಮೇಲೂ ಇಲ್ಲ. ಇದನ್ನು ಮಡಚಿ ನಜಮಾ ಟೀಚರ್ ಕೈಯಲ್ಲಿ ಕೊಟ್ಟು, ನೀವು ತೋಟದಲ್ಲಿ ಒಬ್ಬರೇ ನಿಂತು ಓದುವ ಹಾಗೆ ಮಾಡಲಾರೆ. ಆ ಎರಡು ವಾರದ ಮಾತನ್ನಂತೂ ಕಾಗದದಲ್ಲಿ ಕಳಿಸಿ ನಾನು ಇಲ್ಲಿ ಕೂರಲಾರೆ. ಅದನ್ನು ನಿಮ್ಮ ಮುಂದೆ ಹೇಳಬೇಕು, ಬಲಗಡೆ ನಿಂತು, ಕೇಳುವಷ್ಟು ಗಟ್ಟಿಯಾಗಿ. ಹೇಳಿದ ಮೇಲೆ ನೀವು ಬೈಯಿರಿ, ಅಥವಾ ಸುಮ್ಮನಿರಿ. ಸುಮ್ಮನಿದ್ದರೆ ಅದು ಕಿವಿಯ ಕಾರಣ ಎಂದು ನಾನು ಅಂದುಕೊಳ್ಳುವುದಿಲ್ಲ.

ಮುಂದಾಳ ಜಾಗದ ಮಾತು ನಿಮ್ಮದು. ಬಿಡಿ ಎಂದು ಹೇಳಲು ನಾನು ಬರುತ್ತಿಲ್ಲ, ಹಿಡಿಯಿರಿ ಎಂದು ಹೇಳುವ ಮುಖವೂ ನನಗಿಲ್ಲ. ರಾಜಾರಾಮ ಮಾಮಾನ ಮನೆಗೆ ಹೇಳಲು ಹೋಗುವುದಾದರೆ ಒಬ್ಬರೇ ಹೋಗಬೇಡಿ. ನಾನು ಬರುವವರೆಗೆ ಇರಿ.

ನಿಮ್ಮ ಮುಂದೆ ಬಾಯಿ ಕಟ್ಟಿಹೋದರೆ ಎಂದು ಈ ಕಾಗದವನ್ನು ಜೇಬಿನಲ್ಲಿ ಇಟ್ಟುಕೊಂಡು ಬರುತ್ತೇನೆ. ಹಾಗಾದರೆ ನೀವೇ ಓದಿಕೊಳ್ಳಿ, ನಾನು ಅಲ್ಲೇ ಇರುತ್ತೇನೆ.

ಬಟ್ಟೆಯ ಚೀಲ ಹೆಗಲಿಗೆ ಹಾಕಿದ್ದೇನೆ. ಮುಂದಿನ ಬಸ್ಸಿಗೆ ಹೊತ್ತಿದೆ, ಆದರೆ ಇಲ್ಲಿ ಕೂತರೆ ಈ ಕಾಗದವನ್ನೂ ಹರಿದೇನು. ಈ ಸಾಲನ್ನು ಹೊಸ್ತಿಲ ಹೊರಗೆ ನಿಂತು, ಗೋಡೆಗೆ ಹಿಡಿದು ಬರೆದೆ. ಇನ್ನು ಬಾಗಿಲು ಎಳೆದುಕೊಳ್ಳುತ್ತೇನೆ.

ಸಿದ್ದ್ಯಾ